ದೊಡ್ಡ ಸೊಸೆ ಹೊಲಿದ ಕೋಟು

ನನ್ನ ದೊಡ್ಡ ಸೊಸೆಗೆ ಹೊಟ್ಟೆಕಿಚ್ಚು ಎಂದು ಬೀದಿಯಲ್ಲಿ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಹಾಗನ್ನುವ ಹಕ್ಕು ಅತ್ತೆಯಾದ ನನಗೊಬ್ಬಳಿಗೇ ಇರುವುದು. ಹೌದು, ಅವಳಿಗೆ ಹೊಟ್ಟೆಕಿಚ್ಚು. ಅದೂ ಬೇರೆ ಯಾರ ಮೇಲೋ ಅಲ್ಲ, ಓರಗಿತ್ತಿಯ ಮೇಲೆ.

ನನ್ನ ಇಬ್ಬರು ಗಂಡುಮಕ್ಕಳೂ ಗಡಿಯಾಚೆಯ ಹುಡುಗಿಯರನ್ನೇ ಮದುವೆಯಾಗಿ ಕರೆತಂದರು. ಲಾರಿ ಓಡಿಸುವ ದೊಡ್ಡವನು ಹೊಳೆಯಾಚೆಯ ದೇಶದಿಂದ, ಚಿಕ್ಕವನು ಬೆಟ್ಟದಾಚೆಯ ದೇಶದಿಂದ. ಎರಡೂ ನೆರೆದೇಶಗಳೇ. ಎರಡು ಕಡೆಯವರೂ ನಮ್ಮ ಹಾಗೇ ಉಣ್ಣುತ್ತಾರೆ, ನಮ್ಮ ಹಾಗೇ ಬೈಯುತ್ತಾರೆ. ಆದರೆ ಬೆಟ್ಟದಾಚೆಯ ದೇಶಕ್ಕೂ ನಮ್ಮ ಸರ್ಕಾರಕ್ಕೂ ಒಪ್ಪಂದವಿದೆ. ಅಲ್ಲಿಯವರು ಬಂದು ಪಾಸ್‌ಪೋರ್ಟ್ ತೋರಿಸಿದರೆ ಸಾಕು, ವಾಸಕ್ಕೂ ಕೆಲಸಕ್ಕೂ ಒಟ್ಟಿಗೇ ವೀಸಾ ಸಿಗುತ್ತದೆ. ಹೊಳೆಯಾಚೆಯವರಿಗೆ ಆ ಭಾಗ್ಯವಿಲ್ಲ. ದೊಡ್ಡ ಸೊಸೆ ಗಂಡನ ಹೆಸರು ಹೇಳಿಕೊಂಡು ಇಲ್ಲಿ ವಾಸ ಮಾಡಬಹುದು, ಅಡುಗೆ ಮಾಡಬಹುದು, ಮಕ್ಕಳನ್ನು ಹೆರಬಹುದು. ದುಡಿಮೆಗೆ ಮಾತ್ರ ಕೈ ಹಾಕುವಂತಿಲ್ಲ.

ನಮ್ಮ ಹೊಲಿಗೆ ಅಂಗಡಿ ನಡೆಯುತ್ತಿದ್ದದ್ದೇ ಆ ಕೈಯಿಂದ ಎನ್ನುವುದು ಬೇರೆ ಮಾತು. ಮುಂದೆ ನನ್ನ ಹೆಸರಿನ ಬೋರ್ಡು, ಹಿಂದಿನ ಕೋಣೆಯಲ್ಲಿ ಅವಳು. ಕೋಟಿಗೆ ತೋಳು ಕೂರಿಸುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನನ್ನ ಕಣ್ಣಿಗೆ ಪೊರೆ ಬಂದ ಮೇಲಂತೂ ಕತ್ತರಿಸುವುದು, ಹೊಲಿಯುವುದು ಎಲ್ಲ ಅವಳದೇ. ಗಿರಾಕಿಗಳು ಹೊಗಳಿದಾಗ ಹಲ್ಲು ಕಿರಿಯುತ್ತಿದ್ದವಳು ನಾನು.

ಹೀಗಿರುವಾಗ ಚಿಕ್ಕವಳು ಬಂದಳು. ಬಂದ ತಿಂಗಳಲ್ಲೇ ವೀಸಾ ಬಂತು, ಮಾರನೆಯ ದಿನವೇ ಮುಂದಿನ ಕೋಣೆಯ ಕಿಟಕಿ ಪಕ್ಕದ ಮೆಷಿನ್ ಹಿಡಿದಳು. ಮಾಡುತ್ತಿದ್ದದ್ದಾದರೂ ಏನು? ಗುಂಡಿ ಹಾಕುವುದು, ಅಂಚು ಮಡಿಸುವುದು. ದೊಡ್ಡವಳ ಮುಖ ನೋಡಬೇಕಿತ್ತು!

“ದಾರ ಪೋಣಿಸೋಕೆ ಬರದವಳಿಗೆ ಬೆಳಕಲ್ಲಿ ಜಾಗ, ನನಗೆ ಕತ್ತಲೆ ಕೋಣೆ. ನಾನೇನು ಕದ್ದ ಮಾಲಾ ಅತ್ತೆ?” ಎಂದಳು.

ಅವತ್ತೇ ಓರಗಿತ್ತಿಯ ಜೊತೆ ಮಾತು ಬಿಟ್ಟಳು. ಉಪ್ಪಿನ ಡಬ್ಬ ಬೇಕಾದರೂ ನನ್ನ ಮೂಲಕವೇ ಕೇಳುವುದು. ಚಿಕ್ಕವಳು “ಅಕ್ಕಾ, ಅಕ್ಕಾ” ಎಂದು ಹಿಂದೆ ಸುತ್ತಿದಷ್ಟೂ ಇವಳು ಮೂತಿ ತಿರುಗಿಸುವುದು. ಇಬ್ಬರ ನಡುವೆ ನಾನು ನುಜ್ಜುಗುಜ್ಜಾದೆ.

ಕೊನೆಗೆ ದೊಡ್ಡವಳ ಹೆಸರಿನಲ್ಲೂ ಕೆಲಸದ ವೀಸಾಕ್ಕೆ ಅರ್ಜಿ ಹಾಕಿದೆವು. ಅಂಗಡಿಯಲ್ಲಿ ಈಗಿರುವವರಿಂದ ಈ ಕೆಲಸ ಆಗುವುದಿಲ್ಲ ಎಂದು ಅಧಿಕಾರಿ ಕಣ್ಣಾರೆ ನೋಡಿ ಬರೆಯಬೇಕು, ಅದೇ ಷರತ್ತು. ಅವಳು ಈಗಾಗಲೇ ಕದ್ದುಮುಚ್ಚಿ ಕೆಲಸ ಮಾಡುತ್ತಿದ್ದಾಳೆಂದು ಗೊತ್ತಾದರೆ ಇದ್ದ ವಾಸದ ವೀಸಾಕ್ಕೂ ಸಂಚಕಾರ. ಗಂಟುಮೂಟೆ ಕಟ್ಟಿ ಹೊಳೆ ದಾಟಬೇಕು. ಅಧಿಕಾರಿ ಬರುವ ದಿನ, “ಗಿರಾಕಿಗಳ ಕುರ್ಚಿಲಿ ಕೂರು, ಬಾಯಿಗೆ ಬೀಗ ಹಾಕ್ಕೋ” ಎಂದು ಅವಳಿಗೆ ತಾಕೀತು ಮಾಡಿದ್ದೆ.

ಅಧಿಕಾರಿ ಬಂದ. ನೇತುಹಾಕಿದ್ದ ಕೋಟುಗಳನ್ನು ಮುಟ್ಟಿ ನೋಡಿ, “ಇವೆಲ್ಲ ಯಾರಮ್ಮ ಹೊಲಿದಿದ್ದು?” ಎಂದ.

“ನಾನೇ ಸಾರ್. ಇನ್ನು ಆಗಲ್ಲ, ಕಣ್ಣು ಕಾಣಲ್ಲ” ಎಂದೆ, ನಾಚಿಕೆ ಬಿಟ್ಟು. ದೊಡ್ಡವಳು ತುಟಿ ಕಚ್ಚಿಕೊಂಡಳು.

ಮೇಜಿನ ಮೇಲೆ ಅರ್ಧ ಹೊಲಿದ ಕೋಟೊಂದಿತ್ತು. ಅದನ್ನು ಚಿಕ್ಕವಳ ಮುಂದಿಟ್ಟು, “ಇದಕ್ಕೆ ತೋಳು ಕೂರಿಸಿ, ನೋಡೋಣ” ಎಂದ.

ಅಯ್ಯೋ, ಆ ಅವಾಂತರ ಏನೆಂದು ಹೇಳಲಿ! ಎಡ ತೋಳನ್ನು ಬಲಕ್ಕೆ ಇಟ್ಟಳು. ಭುಜದ ಹತ್ತಿರ ಬಟ್ಟೆ ಮುದ್ದೆಯಾಗಿ ಎದ್ದಿತು. ಅದರ ಮೇಲೇ ಮೆಷಿನ್ ಓಡಿಸಿದಳು. ಅಧಿಕಾರಿಗೇ ನಗು ಬಂತು. “ಇವರಿಂದ ಆಗಲ್ಲ ಬಿಡಿ” ಎಂದು ಪೆನ್ನು ತೆಗೆದ. ನನ್ನ ಎದೆ ಹಗುರವಾಯಿತು. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಎಲ್ಲ ಮುಗಿದಿರುತ್ತಿತ್ತು.

ಇರುತ್ತಾಳೆಯೇ ಮಹಾತಾಯಿ? ಎದ್ದು ಬಂದವಳೇ ಕೋಟು ಕಿತ್ತುಕೊಂಡಳು.

“ನಾನು ಕತ್ತರಿಸಿದ ಕೋಟು ಕಣೇ ಇದು! ಇಲ್ಲಿರೋ ಒಂದೊಂದು ಕೋಟೂ ನಾನೇ ಹೊಲಿದಿದ್ದು. ಹಿಂದಿನ ಕೋಣೆಲಿ ಕೂತು ಕಣ್ಣು ಹಾಳು ಮಾಡ್ಕೊಂಡೋಳು ನಾನು, ಕಿಟಕಿ ಹತ್ರ ಕೂತು ಮೆರೆಯೋಳು ನೀನು!”

ಅನ್ನುತ್ತಲೇ ಹೊಲಿಗೆ ಬಿಚ್ಚಿ, ತೋಳು ಸರಿಪಡಿಸಿ, ಒಂದು ಪಿನ್ನು ಕೂಡ ಚುಚ್ಚದೆ ಸರ್ರನೆ ಕೂರಿಸಿಬಿಟ್ಟಳು. ಎಲ್ಲೂ ಒಂದು ಸುಕ್ಕಿಲ್ಲ.

ಅಧಿಕಾರಿ ಆ ಭುಜವನ್ನು ಸವರಿ ನೋಡಿದ. “ಕೈ ಚೆನ್ನಾಗಿದೆಯಮ್ಮ. ಆದ್ರೆ ನೀವೇ ಬಾಯಿಬಿಟ್ಟು ಹೇಳಿದ ಮೇಲೆ ನಾನೇನು ಮಾಡ್ಲಿ? ನಿಮ್ಮ ದೇಶಕ್ಕೆ ವಾಪಸ್ ಹೋಗಬೇಕು. ಮತ್ತೆ ಬರೋದಾದ್ರೆ ಅಲ್ಲಿಂದಲೇ ಅರ್ಜಿ ಹಾಕಿ.”

ನಾನು ಕೈ ಮುಗಿದೆ, ಗೋಗರೆದೆ. ಆತ ತಲೆ ಅಲ್ಲಾಡಿಸಿ ಹೊರಟೇಹೋದ.

ದೊಡ್ಡವಳ ಕಣ್ಣಲ್ಲಿ ಒಂದು ಹನಿಯಿಲ್ಲ. ಅತ್ತವಳು ಚಿಕ್ಕವಳು. “ಯಾಕಕ್ಕಾ ಎದ್ದು ಬಂದ್ರಿ? ನಿಮಗೆ ವೀಸಾ ಸಿಗಲಿ ಅಂತ ನಾನು ಬೇಕಂತಲೇ ಕೆಡಿಸಿದೆ. ಮೊದಲೇ ಹೇಳೋಣ ಅಂದ್ರೆ ನೀವು ನನ್ನ ಹತ್ರ ಮಾತೇ ಆಡಲ್ಲ.”

ದೊಡ್ಡವಳು ಅವಳನ್ನೇ ದಿಟ್ಟಿಸಿದಳು. ವೀಸಾದ ಮಾತಿಲ್ಲ, ಗಂಡನನ್ನು ಬಿಟ್ಟು ಹೋಗಬೇಕಲ್ಲ ಎಂಬ ಮಾತೂ ಇಲ್ಲ.

“ಬೇಕಂತ ಕೆಡಿಸಿದ್ಯಾ? ಹಾಗಾದ್ರೆ ಸರಿಯಾಗಿ ಕೂರಿಸೋಕೂ ಬರುತ್ತಾ ನಿನಗೆ?”

“ಬರುತ್ತಕ್ಕಾ. ಬಾಗಿಲ ಸಂದಿಯಿಂದ ನಿಮ್ಮನ್ನ ನೋಡಿ ನೋಡಿ ಕಲಿತೆ.”

ಆಗ ದೊಡ್ಡವಳು ನೆಲದ ಮೇಲೆ ಕುಸಿದು ಕೂತು, ಗೊಳೋ ಎಂದು ಅತ್ತಳು.