ಆಯುಧಪೂಜೆಗೆ ತೊಳೆದ ಫಿಲ್ಟರ್

ಕಡಲ ಮೀನು ಸಾಕಬೇಕೆಂದು ಹೊರಟವರಿಗೆ, ಅವರು ಕೇಳದಿದ್ದರೂ ನಾನು ಕೊಡುವ ಸಲಹೆ ಒಂದಿದೆ. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ.

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಕಪ್ಪು-ಬಸಿ ತೊಳೆಯುವುದರಿಂದ ಶುರುಮಾಡಿ ಗಲ್ಲಾದವರೆಗೆ ಬಂದವನು ನಾನು. ತೊಳೆದರೆ ಕೆಡುವ ವಸ್ತು ಲೋಕದಲ್ಲಿದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಘೋಡಬಂದರ್ ರಸ್ತೆಯಲ್ಲಿ ಫ್ಲ್ಯಾಟ್ ಖಾಲಿ ಮಾಡುತ್ತಿದ್ದ ಗಿರಾಕಿಯೊಬ್ಬರಿಂದ ಚೌಕಾಸಿ ಮಾಡಿ, ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಕಲ್ಲು, ಪಂಪು, ಎರಡು ಕಿತ್ತಳೆ ಬಣ್ಣದ ಮೀನು ಸಮೇತ ಮನೆಗೆ ತಂದೆ.

"ಹೋಟ್ಲಿನವರ ಮನೆಯಲ್ಲಿ ಮೀನಾ? ಜನ ಎಂತ ಹೇಳಿಯಾರು?" ಎಂದು ಹೆಂಡತಿ ಮುಖ ತಿರುಗಿಸಿದಳು. ತಿಂಗಳಾಗುವಷ್ಟರಲ್ಲಿ ಅವಳು ಅವುಗಳೊಂದಿಗೆ ತುಳುವಿನಲ್ಲಿ ಸುಖದುಃಖ ಮಾತಾಡುತ್ತಿದ್ದಳು. ನಮ್ಮ ಮಕ್ಕಳು ತುಳುವಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ. ಮೀನುಗಳು ಹಾಗೆ ಮಾಡಲಿಲ್ಲ, ಅವಳ ದನಿ ಕೇಳಿದರೆ ಗಾಜಿನ ಹತ್ತಿರ ಬರುತ್ತಿದ್ದವು.

ಕಳೆದ ದಸರಾಕ್ಕೆ ಟಿಟ್ವಾಳಾದಲ್ಲಿ ಅವಳ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಹೋಟೆಲು ಬಿಟ್ಟು ನಾನು ಹೋಗುವಂತಿರಲಿಲ್ಲ. "ನಾನು ಬರುವವರೆಗೆ ಇವೆರಡು ಜೀವ ನಿಮ್ಮ ಕೈಯಲ್ಲಿ. ಜಾಣತನ ಎಂತದೂ ಮಾಡಬೇಡಿ" ಎಂದು ಹೇಳಿ ಹೋದಳು.

ಆಯುಧಪೂಜೆಯ ದಿನ ಹೋಟೆಲಿನ ಗ್ರೈಂಡರ್, ಒಲೆ, ಸ್ಕೂಟರ್ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿದೆ. ಮನೆಗೆ ಬಂದರೆ ತೊಟ್ಟಿಯ ಫಿಲ್ಟರ್ ಕಣ್ಣಿಗೆ ಬಿತ್ತು. ಅದೂ ಯಂತ್ರವೇ ತಾನೇ? ಒಳಗಿನ ಸ್ಪಂಜು ಕಪ್ಪಾಗಿತ್ತು. ಕಲ್ಲುಗಳಿಗೆ ಪಾಚಿ ಹಿಡಿದಿತ್ತು. ಎಲ್ಲವನ್ನೂ ನಲ್ಲಿ ನೀರಿನಲ್ಲಿ ಬ್ರಶ್ ಹಾಕಿ ಉಜ್ಜಿದೆ. ಪಂಪಿಗೆ ಹೂವು, ಗಾಜಿಗೆ ಕುಂಕುಮ, ಮುಂದೊಂದು ಲಿಂಬೆಹಣ್ಣು. ತೊಟ್ಟಿ ಹೊಸದರಂತೆ ಹೊಳೆಯಿತು.

ಮೂರನೆಯ ದಿನ ಬೆಳಗ್ಗೆ ನೀರು ಗಂಜಿಯಂತಾಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹೆಂಡತಿ ಬರುವುದು ಅದೇ ಸಂಜೆ.

ಠಾಣೆ ಪಟ್ಟಣದ ಸಾಕುಮೀನಿನ ಅಂಗಡಿಗೆ ಓಡಿದೆ. ಅಂಗಡಿಯವನು ಕಲಬುರಗಿ ಕಡೆಯವನು. ನನ್ನ ಕಥೆ ಕೇಳಿ ಸ್ಟೂಲಿನ ಮೇಲೆ ಕುಳಿತುಬಿಟ್ಟ.

"ಕುಂಕುಮ ಹಚ್ಚೀರೇನ್ರೀ?"

"ಹಚ್ಚಿದೆ."

"ಲಿಂಬಿಹಣ್ಣು?"

"ಇಟ್ಟಿದ್ದೆ."

"ಮತ್ತ ಕಾಯಿ ಒಡೀಲಿಲ್ಲೇನು? ಸಾವ್ಕಾರ್ರ, ಆ ಹೊಲಸಿನ್ಯಾಗ ಕಣ್ಣಿಗೆ ಕಾಣಲಾರದ ಜೀವ ಇರ್ತಾವ್ರೀ. ಮೀನ ಮಾಡಿದ ಗಲೀಜಿನ್ಯಾಗಿನ ವಿಷ ಅವೇ ತಿಂದು ಕಮ್ಮಿ ಮಾಡ್ತಾವ. ನೀವು ಅವನ್ನೇ ತೊಳದು ಗಟಾರಕ್ಕ ಬಿಟ್ಟೀರಿ."

ನನಗೆ ತಟ್ಟನೆ ಅರ್ಥವಾಯಿತು. ಮೊಸರಿನ ಪಾತ್ರೆಯನ್ನು ಹೆಪ್ಪು ಸಮೇತ ತಿಕ್ಕಿ ತೊಳೆದಿದ್ದೆ! "ಹಾಗಾದರೆ ನಿನ್ನ ಹಳೇ ಸ್ಪಂಜು ಕೊಡು" ಎಂದೆ.

"ಅದನ್ನ ಕೊಟ್ರ ನನ್ನ ಮೀನ ಏನ್ ಮಾಡಬೇಕ್ರೀ?"

ಜೀವಮಾನದಲ್ಲಿ ಮೊದಲ ಸಲ ನಾನು ಕೊಳೆಗೆ ಚೌಕಾಸಿ ಮಾಡಿದೆ. ದುಡ್ಡಿಗೆ ಅವನು ಬಗ್ಗಲಿಲ್ಲ. ಆದರೆ ಎದುರಿನವನ ಮನೆಯಲ್ಲಿ ಏನು ಕೊರತೆ ಎಂದು ಮೊದಲು ತಿಳಿಯಬೇಕು, ವ್ಯಾಪಾರದ ಗುಟ್ಟೇ ಅದು. ಮಾತಿಗೆ ಮಾತು ಬಂದಾಗ, ಪ್ಯಾಕೆಟ್ ಮೊಸರಿನಿಂದ ಹೆಪ್ಪು ಹಾಕಿದರೆ ಲೋಳೆ ಬರುತ್ತದೆಂದು ಅವನ ಹೆಂಡತಿ ದಿನಾ ಗೊಣಗುತ್ತಾಳೆಂದು ಗೊತ್ತಾಯಿತು. ನಮ್ಮ ಹೋಟೆಲಿನ ಗಟ್ಟಿ ಮೊಸರಿನ ಹೆಪ್ಪು ಕೊಡುತ್ತೇನೆಂದೆ. ಅವನು ಕತ್ತರಿ ತೆಗೆದು ಅರ್ಧ ಸ್ಪಂಜು ಕತ್ತರಿಸಿದ. ಕೊಸರಿಗೆ ಪಾಚಿ ಹಿಡಿದ ಒಂದು ಕಲ್ಲನ್ನೂ ಹಾಕಿಸಿಕೊಂಡೆ. ಕಪ್ಪು ನೀರಿನ ಸಮೇತ ಎಲ್ಲವೂ ನಮ್ಮ ಸಾಂಬಾರಿನ ಸ್ಟೀಲ್ ಡಬ್ಬಿಗೆ ಹೋಯಿತು.

ಲೋಕಲ್ ರೈಲಿನಲ್ಲಿ ಆ ಡಬ್ಬಿ ಮೀನುಪೇಟೆಯಂತೆ ನಾರತೊಡಗಿತು. ನಮ್ಮ ಹೋಟೆಲಿನ ಖಾಯಂ ಗಿರಾಕಿಯೊಬ್ಬರು ಪಕ್ಕದಲ್ಲೇ ನಿಂತಿದ್ದರು. ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಶೇಠ್, ಸಾಂಬಾರ್ ಮೇ ಮಛಲಿ?" ಎಂದರು. ಹೆಸರು ಉಳಿಸಿಕೊಳ್ಳಲು ಮುಚ್ಚಳ ತೆರೆದು ತೋರಿಸಿದೆ. ಕಪ್ಪು ನೀರಲ್ಲಿ ಸ್ಪಂಜು ತೇಲುತ್ತಿತ್ತು. ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ರೈಲಿನ ಡಬ್ಬಿಯನ್ನೇ ಬದಲಾಯಿಸಿದರು. ಈಗಲೂ ನಮ್ಮಲ್ಲಿ ಬರೀ ಚಹಾ ಕುಡಿಯುತ್ತಾರೆ.

ಅಂಗಡಿಯವನು ಹೇಳಿದಂತೆ ಅರ್ಧ ನೀರು ತೆಗೆದು ಹೊಸ ಉಪ್ಪುನೀರು ತುಂಬಿದೆ. ಸ್ಪಂಜು, ಕಲ್ಲು ಇಳಿಸಿದೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ಹೆಂಡತಿ ಬಂದಳು. ಚೀಲ ಕೆಳಗಿಡುವ ಮೊದಲೇ ತೊಟ್ಟಿಯೊಳಗೆ ಇಣುಕಿದಳು.

"ಇದೆಂತ ಮಾರಾಯ್ರೇ, ಇಷ್ಟು ಗಲೀಜು ಸ್ಪಂಜು? ನಾಲ್ಕು ದಿನ ಮನೆ ಬಿಟ್ಟರೆ ಇಷ್ಟು ಸಹ ತೊಳೆದಿಡ್ಲಿಕ್ಕೆ ಆಗುದಿಲ್ವಾ ನಿಮಗೆ?" ಎನ್ನುತ್ತ ಅದನ್ನೆತ್ತಿ ನಲ್ಲಿಯ ಕಡೆ ನಡೆದೇಬಿಟ್ಟಳು.

ಸುಮ್ಮನಿದ್ದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಮೀನು ಉಳಿಯುತ್ತಿರಲಿಲ್ಲ. ಅಡ್ಡ ನಿಂತು ಕುಂಕುಮದಿಂದ ಸಾಂಬಾರಿನ ಡಬ್ಬಿಯವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಸ್ಪಂಜನ್ನು ಮೆಲ್ಲಗೆ, ಮಲಗಿದ ಮಗುವನ್ನು ತೊಟ್ಟಿಲಿಗೆ ಹಾಕುವಂತೆ ನೀರಿಗಿಳಿಸಿದಳು. ನನ್ನೊಡನೆ ಮಾತಾಡಲಿಲ್ಲ. ಎರಡು ವಾರ ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸುತ್ತ ಮೀನುಗಳ ಜೊತೆ ಮಾತ್ರ ಮಾತಾಡಿದಳು. ವಿಷಯ ನಾನೇ ಎಂದು ಕೇಳಿದರೆ ತಿಳಿಯುತ್ತಿತ್ತು.

ನೀರು ತಿಳಿಯಾಗಿ ಮೀನುಗಳೆರಡೂ ಗಾಜಿಗೆ ಮೂತಿ ತಾಗಿಸಿದ ದಿನ ನನ್ನ ಕಡೆ ತಿರುಗಿದಳು.

"ಬರುವ ವರ್ಷ ಆಯುಧಪೂಜೆಗೆ ನಿಮ್ಮನ್ನೇ ತಿಕ್ಕಿ ತೊಳೆದು ಕುಂಕುಮ ಹಚ್ಚುತ್ತೇನೆ. ಈಗ ಹೋಗಿ, ಆ ಠಾಣೆಯವರಿಗೆ ಹೆಪ್ಪು ಕೊಟ್ಟು ಬನ್ನಿ. ಮತ್ತೆ ಆ ಡಬ್ಬಿಯಲ್ಲಿ ಬೇಡ."