ಐದನೆಯ ಮನೆ

ಸೋಮವಾರ ಬಂತೆಂದರೆ ಮಾದುವಿನ ಅಂಗಾಲಿಗೆ ಇರುವೆ ಹತ್ತಿದಂತಾಗುತ್ತಿತ್ತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಇದಕ್ಕೆಲ್ಲ ಅವನ ತಾಯಿ ಗುರುಸಿದ್ದಮ್ಮನೇ ಕಾರಣ. ಹೂಗ್ಯಂನಲ್ಲಿ ಅವನು ಮೂರು ವರ್ಷದ ಕೂಸಾಗಿದ್ದಾಗ ಜ್ವರ ಬಿಡಲಿಲ್ಲವೆಂದು, ಮಗ ಉಳಿದರೆ ನಿನ್ನ ಹೆಸರು ಹಾಡಿ ಬೇಡುವ ದೇವರಗುಡ್ಡನಾಗಿ ಬಿಡುತ್ತೇನೆ ಎಂದು ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಮಗ ಉಳಿದ. ಹನ್ನೆರಡು ತುಂಬುವಷ್ಟರಲ್ಲಿ ಕೊರಳಿಗೆ ರುದ್ರಾಕ್ಷಿ, ಕೈಗೆ ಕಂಚಿನ ಕಂಸಾಳೆ, ಹೆಗಲಿಗೆ ಜೋಳಿಗೆ ಬಂದವು. ಜೊತೆಗೊಂದು ಕಟ್ಟಳೆಯೂ ಬಂತು. ಕಂಸಾಳೆಯ ಸದ್ದು ಏಳುವ ಮುಂಚೆ ಐದು ಮನೆಯ ಕ್ವಾರಣ್ಯ, ಅಂದರೆ ಮಾದಪ್ಪನ ಹೆಸರಿನ ಭಿಕ್ಷೆ, ಜೋಳಿಗೆಗೆ ಬೀಳಬೇಕು. ಐದು ತುಂಬುವವರೆಗೆ ಜೋಳಿಗೆ ನೆಲ ಮುಟ್ಟಬಾರದು.

ಹರಕೆಯಿಂದ ಹೊಟ್ಟೆ ತುಂಬುತ್ತದೆಯೇ? ಕೊಳ್ಳೇಗಾಲದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನಿನ ಮುಂದೆ ನಾಲ್ಕು ವರ್ಷ ದುಡಿದ. 1990ರಲ್ಲಿ ಮಾಲೀಕರ ನೆಂಟ ನಾಗರಾಜು ಗಲ್ಫಿನಿಂದ ಬಂದವನು, ತನ್ನ ಕಾರ್ಗೊ ಆಫೀಸಿನಲ್ಲಿ ಪೆಟ್ಟಿಗೆ ಕಟ್ಟಲು ಆಳು ಬೇಕೆಂದ. ಮಾದು ಹೊರಟುಬಿಟ್ಟ. ಯಾವ ದೇಶವೆಂದು ಊರಲ್ಲಿ ಯಾರೂ ಕೇಳಲಿಲ್ಲ. ಹೂಗ್ಯಂನವರಿಗೆ ಸಮುದ್ರದಾಚೆಯದೆಲ್ಲ ದುಬೈಯೇ.

ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಅಲ್ಲಿದ್ದರೆ ಊರಿನ ಧ್ಯಾನ. ಊರಿಗೆ ಬಂದರೆ ಮೂರನೇ ವಾರಕ್ಕೇ ಪಾಸ್‌ಪೋರ್ಟು ಎಲ್ಲಿಟ್ಟೆ ಎಂಬ ತಡಕಾಟ. ಮದುವೆಯಾಗಿ ಎಂಟು ವರ್ಷವಾದರೂ ಹೆಂಡತಿ ಯಶೋದ ಅವನಿಗೆ ಕಾಫಿ ಕೊಡುತ್ತಿದ್ದುದು ನೆಂಟರಿಗೆಂದು ಅಟ್ಟದಲ್ಲಿಟ್ಟಿದ್ದ ಸ್ಟೀಲ್ ಲೋಟದಲ್ಲೇ. ಅದು ಅವನ ಮನಸ್ಸಿಗೆ ಚುಚ್ಚುತ್ತಿತ್ತು, ಬಾಯಿಬಿಟ್ಟು ಹೇಳುವಂತಿರಲಿಲ್ಲ. ಇನ್ನು ಕಂಸಾಳೆ ಗಲ್ಫಿನ ರೂಮಿನಲ್ಲಿ ಟ್ರಂಕಿನ ತಳದಲ್ಲಿ, ಹಳೆಯ ಬನಿಯನ್ನಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಐದು ಮನೆ ಸಿಗದ ಊರಲ್ಲಿ ಅದನ್ನು ಮುಟ್ಟುವುದಾದರೂ ಹೇಗೆ?

ನಾಗರಾಜು ಅಲ್ಲಿಯ ಕನ್ನಡ ಬಳಗಕ್ಕೆ ಅಧ್ಯಕ್ಷ. ಬಳಗ ಉಸಿರಾಡುತ್ತಿದ್ದುದು ಐದು ವ್ಯಾಪಾರಗಳ ದಯೆಯಿಂದ: ಹೋಟೆಲು, ಸೀರೆ ಅಂಗಡಿ, ಔಷಧಿ ಅಂಗಡಿ, ಡ್ರೈವಿಂಗ್ ಸ್ಕೂಲು, ಎಲ್ಲಕ್ಕೂ ಮೇಲೆ ಒಂದು ಚಿನ್ನದಂಗಡಿ. ರಾಜ್ಯೋತ್ಸವದ ಆಮಂತ್ರಣದಲ್ಲಿ ತಾಯಿ ಭುವನೇಶ್ವರಿಗಿಂತ ಚಿನ್ನದಂಗಡಿಯ ಹೆಸರೇ ದಪ್ಪಗಿರುತ್ತಿತ್ತು. 2002ರಲ್ಲಿ ಮಾದು ರೂಮು ಬದಲಿಸುವಾಗ ಟ್ರಂಕಿನಿಂದ ಕಂಸಾಳೆ ಉರುಳಿ ನಾಗರಾಜುವಿನ ಕಣ್ಣಿಗೆ ಬಿತ್ತು. ಸಂಜೆಯೊಳಗೆ ಆಮಂತ್ರಣದಲ್ಲಿ ಮಾದುವಿನ ಹೆಸರೂ ಏರಿತು. ಐದು ಮನೆಯ ಕಟ್ಟಳೆಯನ್ನು ಮಾದು ಹೇಳಿದ. ಫೋನಿನ ಮಾತಿನಲ್ಲಿ ಮುಳುಗಿದ್ದ ನಾಗರಾಜು, ಅದೇನು ಮಾಡಬೇಕೋ ಮಾಡಿಕೊ ಎಂದುಬಿಟ್ಟ.

ಮಾದು ಯೋಚಿಸಿದ. ಫ್ಲಾಟುಗಳ ಬಾಗಿಲಲ್ಲಿ ವಾಚ್‌ಮನ್. ಹೊಸಿಲು ಕಾಣುವ ಮನೆ ಒಂದೂ ಇಲ್ಲ. ಹಾಗಾದರೆ ಬಳಗಕ್ಕೆ ಅನ್ನ ಹಾಕುವವರು ಯಾರು? ಆಮಂತ್ರಣ ತೆಗೆದು ನೋಡಿದ. ಐದು ಹೆಸರು ಅಲ್ಲೇ ಅಚ್ಚಾಗಿದ್ದವು. 

ಸಮಾರಂಭದ ಹಿಂದಿನ ಸೋಮವಾರ ಕಾವಿ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಜೋಳಿಗೆ ಹಾಕಿಕೊಂಡು ಹೊರಟ. ಹೋಟೆಲಿನವರು ನಗುತ್ತ ಒಂದು ಹಿಡಿ ಅಕ್ಕಿ ಹಾಕಿದರು. ಸೀರೆ ಅಂಗಡಿಯವರು ಪಕ್ಕದ ಅಂಗಡಿಯಿಂದ ಬೇಳೆ ತರಿಸಿದರು. ಔಷಧಿ ಅಂಗಡಿ, ಡ್ರೈವಿಂಗ್ ಸ್ಕೂಲು ಎರಡರಲ್ಲೂ ಹಿಡಿ ಅಕ್ಕಿ ಬಿತ್ತು. ಚಿನ್ನದಂಗಡಿಯ ಗಾಜಿನ ಬಾಗಿಲು ಮಾತ್ರ ತೆರೆಯಲಿಲ್ಲ. ಬೇಡುವುದೇ ಅಪರಾಧವಾದ ದೇಶವದು. ನಿಮ್ಮ ಬಳಗ ಭಿಕ್ಷುಕನನ್ನು ಕಳಿಸಿದೆ, ಮುಂದಿನ ವರ್ಷ ನಮ್ಮ ಹೆಸರು ಬೇಡ ಎಂದು ಅಲ್ಲಿಂದ ನಾಗರಾಜುವಿಗೆ ಫೋನು ಹೋಯಿತು.

"ಲೇ ಮಾದು, ತಿರುಪೆ ಎತ್ತಕ್ಕೇನ್ಲಾ ನಿನ್ನ ಕರ್ಕ ಬಂದಿದ್ದು?" ನಾಗರಾಜುವಿನ ಮುಖ ಬೆವೆತಿತ್ತು.

"ತಿರುಪೆ ಅಲ್ಲ ಸಾ, ಕ್ವಾರಣ್ಯ. ಓದ್ ತಿಂಗ್ಳು ನೀವೂ ಚಂದ ಎತ್ತಕ್ಕೆ ಇವೇ ಐದು ಅಂಗ್ಡಿಗೆ ಓಗಿದ್ರಲ್ಲ. ಬ್ಯಾಗ್ ಇಡ್ಕಂಡು ಇಂದೆ ನಿಂತಿದ್ದೋನು ನಾನೇಯ."

ಕುಹಕವೇನೂ ಇರಲಿಲ್ಲ, ನಿಜವಾಗಿಯೂ ಹಾಗೆಯೇ ತಿಳಿದಿದ್ದ. ನಾಗರಾಜು ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಆಮೇಲೆ ಮೆತ್ತಗೆ ಒಂದು ದಾರಿ ತೋರಿಸಿದ. ಜೋಳಿಗೆಯನ್ನು ಇಲ್ಲೇ ಕೊಡವಿ, ಚಿನ್ನದಂಗಡಿಗೆ ಹೋಗಿ ತಪ್ಪಾಯಿತು ಎಂದರೆ ಕೆಲಸ ಉಳಿಯುತ್ತದೆ; ಇಲ್ಲವಾದರೆ ವೀಸಾ ರದ್ದು. ಮಾದು ಜೋಳಿಗೆಯ ಬಾಯಿಗೆ ಕೈ ಹಾಕಿದ. ಹನ್ನೆರಡು ವರ್ಷದ ಅನ್ನ ಒಂದು ಕಡೆ, ನಾಲ್ಕು ಹಿಡಿ ಕಾಳು ಒಂದು ಕಡೆ. ಕೊಡವಲು ಕೈ ಏಳಲಿಲ್ಲ. ಸಮಾರಂಭದ ದಿನ ಇಬ್ಬರು ಇಂಜಿನಿಯರುಗಳು ಸ್ಟೀಲ್ ತಟ್ಟೆ ಹಿಡಿದು ಕಂಸಾಳೆ ಕುಣಿದರಂತೆ, ಚಪ್ಪಾಳೆಯೂ ಬಿತ್ತಂತೆ. ಅಷ್ಟು ಹೊತ್ತಿಗೆ ಮಾದು ವಿಮಾನದಲ್ಲಿದ್ದ, ಜೋಳಿಗೆ ತೊಡೆಯ ಮೇಲಿತ್ತು.

ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ಇಳಿದು ಒಂದು ಮನೆ ಕೇಳಬಹುದಿತ್ತು. ಕಾಲು ನಿಲ್ಲಲಿಲ್ಲ, ಊರು ಸೇರಿದರೆ ಸಾಕೆನಿಸಿತ್ತು. ಸೇರಿದರೆ ರಾಗಿ ಕೊಯ್ಲಿನ ಕಾಲ. ಬೀದಿಯ ಬಾಗಿಲಿಗೆಲ್ಲ ಬೀಗ. ತೆರೆದಿದ್ದುದು ತನ್ನ ಮನೆಯೊಂದೇ. ಗುಡ್ಡನಾದವನು ಸ್ವಂತ ಮನೆಯಲ್ಲಿ ಬೇಡುವಂತಿಲ್ಲ. ಮಾದು ಅಂಗಳದಲ್ಲೇ ನಿಂತುಬಿಟ್ಟ. ಮೊರದಲ್ಲಿ ರಾಗಿ ಕೇರುತ್ತಿದ್ದ ಗುರುಸಿದ್ದಮ್ಮ ತಲೆ ಎತ್ತಿದಳು. ಒಳಕ್ಕೆ ಯಾಕೆ ಬರುತ್ತಿಲ್ಲವೆಂದು ಕೇಳಿ, ನಡೆದುದೆಲ್ಲವನ್ನೂ ಕೇಳಿಸಿಕೊಂಡಳು.

"ನಾಕ್ ಮನೆ ಆಗದೆ ಕನವ್ವ. ಇದು ನಮ್ಮನೆ, ಲೆಕ್ಕುಕ್ ಬರಲ್ಲ" ಎಂದ ಮಾದು.

ಮುದುಕಿ ಮೊರದಿಂದ ಎರಡೂ ಕೈತುಂಬ ರಾಗಿ ಎತ್ತಿಕೊಂಡು ಹೊಸಿಲಿಗೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅನ್ನೆಲ್ಡು ವರ್ಸ ನೆಂಟ್ನಂಗೆ ಬಂದೆ, ನೆಂಟ್ನಂಗೆ ಓದೆ. ಇದು ನಿನ್ ಮನೆ ಎಂಗಾದದಪ್ಪ? ಒಡ್ಡು ಜೋಳ್ಗೆಯ."

ಮಾದು ಒಡ್ಡಿದ. ರಾಗಿ ಬಿತ್ತು, ಐದು ತುಂಬಿತು. ಜೋಳಿಗೆಯನ್ನು ಜಗಲಿಯ ಮೇಲೆ ಇಳಿಸಿ ಪಕ್ಕದಲ್ಲಿ ತಾನೂ ಕೂತ. ಯಶೋದ ಕಾಫಿ ತಂದಳು, ಅದೇ ನೆಂಟರ ಲೋಟದಲ್ಲಿ. ಕುಡಿದಾದ ಮೇಲೂ ಅವನು ಏಳಲಿಲ್ಲ. ಒಳಗೆ ಬಾ ಎಂದು ಯಾರಾದರೂ ಕರೆಯಲೆಂದು ಕಾಯುತ್ತಿದ್ದ.