ಸೈಕಲ್ ಲೇನಿನಲ್ಲಿ ತೊಗರಿ ರಾಶಿ

ಆಳಂದದ ಹೊಸ ಸೈಕಲ್ ಲೇನಿನಲ್ಲಿ ಸೈಕಲ್ ಹೊಡೆಯುವವನು ನಾನೊಬ್ಬನೇ. ಅದೂ ಶುಗರ್ ಕೃಪೆ. ಡಾಕ್ಟರು ಬೈದ ಮೇಲೆ ಮೂಲೆಯಲ್ಲಿದ್ದ ಹಳೇ ಸೈಕಲ್ ಹೊರಗೆ ತೆಗೆದಿದ್ದೇನೆ.

ಪಟ್ಟಣಗಳಿಗೂ ಸೈಕಲ್ ಪಥ ಬೇಕೆಂಬುದು ಸರ್ಕಾರದ ಪಾಲಿಸಿ. ಒಳ್ಳೆಯದೇ. ರಸ್ತೆ ಬದಿಗೆ ನುಣ್ಣನೆಯ ಕಾಂಕ್ರೀಟ್ ಬಿತ್ತು, ಮೇಲೆ ಹಸಿರು ಬಣ್ಣವೂ ಬಿತ್ತು. ಅಂಥ ನೆಲ ಕಂಡರೆ ನಮ್ಮ ಕಡೆಯ ಜನ ಏನು ಮಾಡುತ್ತಾರೆ? (ಸೈಕಲ್ ಹೊಡೆಯುತ್ತಾರೆ ಎಂದಿರಾ? ಹಾಗಾದರೆ ನೀವು ಈ ಕಡೆಯವರಲ್ಲ.) ಬೆಳೆ ಹರಡಿ, ತುಳಿಸಿ, ಕಾಳು ಬಿಡಿಸಿ ರಾಶಿ ಮಾಡುತ್ತಾರೆ.

ಮೊನ್ನೆ ಬೆಳಿಗ್ಗೆ ನಮ್ಮ ಓಣಿಯ ಶಾಂತಾಬಾಯಿ ಲೇನಿನ ಉದ್ದಕ್ಕೂ ಒಣಗಿದ ತೊಗರಿ ಕಾಯಿ ಹರಡಿಕೊಂಡು ಕೂತಿದ್ದರು. ನಾನು ಸಿಟ್ಟಿನಿಂದ ಬೆಲ್ ಬಾರಿಸಿದೆ. ಇದು ಸೈಕಲ್‌ಗೆಂದೇ ಮಾಡಿದ್ದು ಎಂದು ಭಾಷಣವನ್ನೂ ಶುರುಮಾಡಿದೆ. ಅವರು ಕೂತಲ್ಲಿಂದ ಏಳಲೂ ಇಲ್ಲ. ನಿಮಗಾಗಿಯೇ ಕಾಯುತ್ತಿದ್ದೆ, ಮೇಲೆ ಹಾಯಿಸಿಕೊಂಡು ಹೋಗಿ ಎಂದರು!

“ಇವು ಮುಂದಿನ ವರ್ಷ ಬಿತ್ತೋ ಬೀಜ ಅದಾವ್ರಿ ಸರ್. ಸೈಕಲ್ ಹಾಯ್ದ್ರ ಸಿಪ್ಪಿ ಅಷ್ಟ ಬಿಡ್ತದ, ಟ್ರ್ಯಾಕ್ಟರ್ ಹಾಯ್ದ್ರ ಕಾಳು ಒಡೆದು ಬ್ಯಾಳಿ ಆಗ್ತಾವ. ಬ್ಯಾಳಿ ಬಿತ್ತಿದ್ರ ಮೊಳಕಿ ಬರ್ತದೇನ್ರಿ?”

ಭಾಷಣ ಅಲ್ಲಿಗೇ ಬಿಟ್ಟು ಸೈಕಲ್ ಹತ್ತಿದೆ. ಹಾಯಿಸಿದೆ. ತಿರುಗಿ ಬಂದೆ. ಮತ್ತೆ ಹಾಯಿಸಿದೆ. ಗಾಲಿಯಡಿ ಚಟಚಟ ಸದ್ದು ಕೇಳಿ ಖುಷಿಯೂ ಆಯಿತೆನ್ನಿ.

ಅಷ್ಟರಲ್ಲಿ ಜೀಪು ಬಂತು. ಲೇನ್ ಬಳಕೆಯಾಗುತ್ತಿದೆಯೋ ಇಲ್ಲವೋ ನೋಡಲು ಬಂದ ಪುರಸಭೆಯ ಸಾಹೇಬರು ತೊಗರಿ ಕಂಡು ಕೆಂಡವಾದರು. ಈಗಲೇ ತೆಗೆಯದಿದ್ದರೆ ಕಸದ ಗಾಡಿಗೆ ತುಂಬಿಸುತ್ತೇನೆ ಎಂದರು. ಶಾಂತಾಬಾಯಿಯ ಮುಖ ಸಪ್ಪಗಾಯಿತು. ಬೀಜವೇ ಹೋದರೆ ಹೊಲಕ್ಕೇನು ಹಾಕುವುದು? ಆದರೆ ಅವರು ಸೆರಗು ಕೊಡವಿ ಎದ್ದು ನಿಂತರು.

“ತೆಗೀತೇನ್ರಿ ಸಾಹೇಬ್ರ. ಆದ್ರ ಇವು ಹೋದ್ರ ಈ ಸರ್ ಮನಿಗೆ ಹೋಗ್ತಾರ. ಆಮ್ಯಾಲ ನಿಮ್ಮ ಲೇನ್‌ದಾಗ ಸೈಕಲ್ ಯಾರು ಹೊಡೀತಾರ, ನೀವೇ ನೋಡ್ರಿ.”

ಸಾಹೇಬರು ಲೇನಿನ ಆ ತುದಿಯವರೆಗೂ ನೋಡಿದರು. ಮಿರ್ಚಿಬಜಿ ಬಂಡಿ, ಸಾಲಾಗಿ ನಿಂತ ಬೈಕುಗಳು, ಆರಾಮಾಗಿ ಮಲಗಿದ ಎಮ್ಮೆ. ಸೈಕಲ್ ನನ್ನದೊಂದೇ. ಮೊಬೈಲ್ ತೆಗೆದರು. ಮೇಲಿನವರಿಗೆ ಕಳಿಸಲು ತೊಗರಿ ಕಾಣದಂತೆ ನನ್ನ ಫೋಟೊ ಹೊಡೆದುಕೊಂಡು, ದಿನಾ ಬನ್ನಿ ಎಂದು ಕೈಮುಗಿದು ಹೋದರು.

ಬೀಜ ಉಳಿಯಿತು. ಲೇನಿನ ಮಾನವೂ ಉಳಿಯಿತು. ಶಾಂತಾಬಾಯಿ ಕಾಳು ತೂರುತ್ತಲೇ, ನಾಳೆ ಪಕ್ಕದ ಮನೆಯವರ ಕಡಲೆ ಇದೆ, ಸ್ವಲ್ಪ ಲಗೂ, ಬಿಸಿಲೇರುವ ಮುಂಚೆಯೇ ಬರಬೇಕು ಎಂದು ಹೇಳಿದರು.

ಕಣದ ಎತ್ತಿಗಾದರೂ ಸಂಜೆಗೆ ಹಿಂಡಿ ಇಡುತ್ತಾರೆ. ನನಗೆ?